ಸಾಯುವ ಮಾತು ಕಿವಿಗೆ ಬಿದ್ದೊಡನೆ ಯಾರಿಗಾದರೂ ತಿಳಿಸಲೇಬೇಕೆ?

ಪ್ರಶ್ನೆ:
ಬದುಕು ಸಾಕೆನಿಸಿದವರು ವಾರಕ್ಕೊಮ್ಮೆ ಕುಳಿತು ಮಾತನಾಡಲೆಂದು ನಾವು ಐದಾರು ಜನ ಸೇರಿ ಒಂದು ಗುಂಪನ್ನು ಆರಂಭಿಸಬೇಕೆಂದಿದ್ದೇವೆ. ನಮ್ಮಲ್ಲಿ ಯಾರೂ ವೈದ್ಯರಲ್ಲ. ಇಬ್ಬರು ಸ್ವತಃ ಆ ಸ್ಥಿತಿಯನ್ನು ದಾಟಿ ಬಂದವರು. ಸಾವಿನ ಮಾತು ಬಂದೊಡನೆ ಪೊಲೀಸರಿಗೋ ಆಸ್ಪತ್ರೆಗೋ ತಿಳಿಸುವ ನಿಯಮವಿಟ್ಟರೆ ಯಾರೂ ಬಾಯಿ ಬಿಡಲಾರರೆಂದು ಒಬ್ಬರು ಹೇಳುತ್ತಾರೆ. ನಿಯಮವಿಲ್ಲದೆ ಏನಾದರೂ ಅನಾಹುತವಾದರೆ ಯಾವ ಮುಖ ಹೊತ್ತು ನಿಲ್ಲುವುದೆಂದು ಇನ್ನೊಬ್ಬರು ಅಂಜುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1:
ಆರು ವರ್ಷಗಳಿಂದ ಇಂಥದೊಂದು ಗುಂಪನ್ನು ನಡೆಸುತ್ತಿದ್ದೇನೆ. ಸಾಯಬೇಕೆನಿಸುವುದು ಬೇರೆ, ಈ ರಾತ್ರಿಯೇ ಸಾಯಲು ಹೊರಟಿರುವುದು ಬೇರೆ. ಎರಡಕ್ಕೂ ಒಂದೇ ನಿಯಮ ಸಲ್ಲದು. ಮೂರು ವಾರ ಬರೀ ನಿದ್ದೆ ಬಾರದ ಸಂಗತಿಯನ್ನೇ ಹೇಳುತ್ತಿದ್ದ ಒಬ್ಬರನ್ನು ನಾಲ್ಕನೆಯ ವಾರ, "ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿದೆ. ಬೆರಳಲ್ಲಿ ತಿರುಗಿಸುತ್ತಿದ್ದ ಬೀಗದ ಕೈಯನ್ನು ಅವರು ಮೇಜಿನ ಮೇಲಿಟ್ಟು, "ಹೌದೆಂದರೆ ಈಗ ಯಾರಿಗೆ ಫೋನ್ ಮಾಡುತ್ತೀರಿ?" ಎಂದರು. ಯಾರಿಗೂ ಇಲ್ಲ, ನೀವು ಹೇಳಿ ಎಂದೆ. ಒಂದೂವರೆ ಗಂಟೆ ಮಾತನಾಡಿದರು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ.

1953ರಲ್ಲಿ ಲಂಡನ್ನಿನಲ್ಲಿ ಪಾದ್ರಿ ಚಾಡ್ ವಾರಾ, ಬದುಕು ಸಾಕೆನಿಸಿದವರ ಮಾತನ್ನು ಆಲಿಸುವ ಸಮಾರಿಟನ್ಸ್ ಸಂಸ್ಥೆಯನ್ನು ಆರಂಭಿಸಿದಾಗ, ಅವರನ್ನು ಕಾಣಲು ಸರದಿಯಲ್ಲಿ ಕಾದವರಲ್ಲಿ ಅನೇಕರು ಚಹಾ ಕೊಡಲು ಬಂದ ಸ್ವಯಂಸೇವಕರೊಡನೆ ಮನಸ್ಸು ಬಿಚ್ಚಿ ಮಾತನಾಡಿ, ಪಾದ್ರಿಯನ್ನು ಕಾಣುವ ಅಗತ್ಯವೇ ಇಲ್ಲವೆಂದು ಹಗುರಾಗಿ ಹಿಂದಿರುಗುತ್ತಿದ್ದರು. ಅದನ್ನು ಗಮನಿಸಿಯೇ ಅವರು ಮರುವರ್ಷ ಆಲಿಸುವ ಕೆಲಸವನ್ನು ಸ್ವಯಂಸೇವಕರಿಗೆ ವಹಿಸಿದರು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಗೆರೆಯೊಂದು ಇರಲೇಬೇಕು. ಸಮಯ ಗೊತ್ತುಮಾಡಿಕೊಂಡು, ಸಾಧನವನ್ನೂ ಕೈಗೆಟಕುವಂತೆ ಇಟ್ಟುಕೊಂಡಿರುವವರನ್ನು ಗೌಪ್ಯತೆಯ ಹೆಸರಿನಲ್ಲಿ ಒಂಟಿಯಾಗಿ ಮನೆಗೆ ಕಳುಹಿಸುವುದು ತಪ್ಪು. ಸಾಧನವನ್ನು ದೂರವಿಡಲು ನೆರವಾಗಿ, ಜೊತೆಗೆ ಒಬ್ಬರು ಉಳಿಯಿರಿ, ತುರ್ತು ಸೇವೆಯನ್ನು ಕರೆಯಬೇಕಾದರೆ ಅವರ ಬೆನ್ನ ಹಿಂದೆ ಕರೆಯದೆ ಎದುರಿಗೇ ಹೇಳಿ ಕರೆಯಿರಿ. ಈ ಗೆರೆ ಎಲ್ಲಿದೆಯೆಂಬುದು ಬಂದವರಿಗೆ ಮೊದಲ ದಿನವೇ ತಿಳಿದಿರಬೇಕು. ಕೇಳಿಸಿಕೊಂಡವರು ಆ ಭಾರವನ್ನು ತಾವೊಬ್ಬರೇ ಹೊರದಂತೆ, ಸಭೆ ಮುಗಿದ ಬಳಿಕ ನಿಮ್ಮೊಳಗೇ ಅರ್ಧ ಗಂಟೆ ಮಾತನಾಡಿಕೊಳ್ಳಿ. ನಾವು ಇದನ್ನು ಬಿಟ್ಟಿದ್ದರಿಂದ ಒಳ್ಳೆಯ ಇಬ್ಬರು ಸ್ವಯಂಸೇವಕರು ಗುಂಪು ಬಿಟ್ಟುಹೋದರು.

ಉತ್ತರ 3:
ನಾನು ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತವನು, ಇಂಥ ಗುಂಪಿಗೆ ಹೇಳಿಕೊಳ್ಳಲು ಹೋದವನು. ಸಭೆಯಷ್ಟೇ ಮುಖ್ಯವಾದದ್ದು ಎರಡು ಸಭೆಗಳ ನಡುವಿನ ದಿನಗಳು. ಅಮೆರಿಕದ ಮನೋವೈದ್ಯ ಜೆರೋಮ್ ಮೊಟ್ಟೊ, ಆಸ್ಪತ್ರೆಯಿಂದ ಹೊರಬಂದ ಮೇಲೆ ಚಿಕಿತ್ಸೆ ಮುಂದುವರಿಸದವರಲ್ಲಿ ಕೆಲವರಿಗೆ ಏನನ್ನೂ ಬೇಡದ ಪುಟ್ಟ ಪತ್ರಗಳನ್ನು ಕಳುಹಿಸುವ ಏರ್ಪಾಡು ಮಾಡಿದ್ದರು. ಮೊದಲ 2 ವರ್ಷಗಳಲ್ಲಿ, ಪತ್ರ ಸಿಗದವರಿಗಿಂತ ಸಿಕ್ಕವರಲ್ಲಿ ಆತ್ಮಹತ್ಯೆಯ ಸಾವುಗಳು ಕಡಿಮೆಯಿದ್ದವು. ನಾನು ಗುಂಪಿಗೆ ಹೋಗದ ವಾರಗಳಲ್ಲಿ ನನಗೂ ಒಂದು ಸಂದೇಶ ಬರುತ್ತಿತ್ತು: "ನಿಮ್ಮ ನೆನಪಾಯಿತು. ಉತ್ತರ ಬರೆಯಲೇಬೇಕೆಂದಿಲ್ಲ." ಹನ್ನೊಂದು ವಾರ ಬರೆಯಲಿಲ್ಲ, ಹನ್ನೆರಡನೆಯ ವಾರ ಬರೆದೆ.