ಟರ್ಮಿನಲ್‌ನಲ್ಲಿ ಹೀಬ್ರೂ ತಿರುಗುಮುರುಗು: ತಪ್ಪು ಫೈಲಿನದೋ, ಪರದೆಯದೋ?

ಪದಸಂಗ್ರಹಿ:

ಎರಡು ವರ್ಷಗಳಿಂದ ಹೀಬ್ರೂ ಕಲಿಯುತ್ತಿದ್ದೇನೆ. ಕಲಿತ ಪದಗಳನ್ನೆಲ್ಲ ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡುವುದು ಅಭ್ಯಾಸ. ಸಾಲಿಗೊಂದು ಹೀಬ್ರೂ ಪದ, ನಡುವೆ ಒಂದು ಟ್ಯಾಬ್, ಆಮೇಲೆ ಕನ್ನಡ ಅರ್ಥ. ಅದರಿಂದ ದಿನಕ್ಕೆ ಇಪ್ಪತ್ತು ಪದ ಆರಿಸಿ ನನ್ನನ್ನು ಪರೀಕ್ಷಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಇದೆಲ್ಲ ನಡೆಯುವುದು ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡುವ ಪಠ್ಯದ ಕಿಟಕಿಯಲ್ಲಿ.

‘ಶಾಲೋಮ್’ ಪದವನ್ನೇ ತೆಗೆದುಕೊಳ್ಳಿ. ಶಿನ್, ಲಾಮೆದ್, ವಾವ್, ಕೊನೆಯಲ್ಲಿ ಮೆಮ್. ಹೀಬ್ರೂ ಓದುವುದು ಬಲದಿಂದ ಎಡಕ್ಕೆ, ಹಾಗಾಗಿ ಶಿನ್ ಬಲತುದಿಯಲ್ಲಿರಬೇಕು. ನನ್ನ ಪರದೆಯಲ್ಲಿ ಅದು ಎಡತುದಿಯಲ್ಲಿ ಕುಳಿತಿರುತ್ತದೆ. ಪದದ ಕೊನೆಗೆಂದೇ ಮೀಸಲಾದ ಆ ಮುಚ್ಚಿದ ಮೆಮ್, ಓದಲು ಹೊರಟ ಕಣ್ಣಿಗೆ ಮೊದಲು ಎದುರಾಗುತ್ತದೆ.

ಫೈಲೇ ಕೆಟ್ಟಿದೆ ಎಂದುಕೊಂಡು ಹೀಬ್ರೂ ಪದಗಳನ್ನೆಲ್ಲ ರೆವ್ ಕಮಾಂಡಿಗೆ ಕೊಟ್ಟು, ತಿರುಗಿಸಿ ಉಳಿಸಿಬಿಟ್ಟೆ. ಪರದೆ ಸರಿಹೋಯಿತು, ಒಂದು ವಾರ ಬೀಗಿದೆ. ನಂತರ ಸ್ವರಚಿಹ್ನೆಗಳಿರುವ ಪದಗಳನ್ನು ಸೇರಿಸತೊಡಗಿದೆ. ತಿರುಗಿಸಿದಾಗ ಶಿನ್‌ನ ಅಡಿಯಲ್ಲಿರಬೇಕಾದ ಚಿಹ್ನೆ ಲಾಮೆದ್‌ನ ಅಡಿಗೆ ಹೋಯಿತು. ವಾವ್‌ನ ನೆತ್ತಿಯ ಚುಕ್ಕಿ ಮೆಮ್‌ನ ನೆತ್ತಿಗೇರಿತು. ಈಗ ಗ್ರೆಪ್‌ನಿಂದ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಬ್ರೌಸರ್‌ನಲ್ಲಿ ತೆರೆದರೆ ಎಲ್ಲವೂ ತಲೆಕೆಳಗು.

ಹಳೆಯ ಪ್ರತಿ ಇದೆ, ಪುಣ್ಯ. ಎರಡರಲ್ಲಿ ಸರಿಯಾದದ್ದು ಯಾವುದು? ಫೈಲ್ ಇರುವುದು ದೂರದ ಸರ್ವರ್‌ನಲ್ಲಿ, ಎಸ್‌ಎಸ್‌ಎಚ್ ಮೂಲಕ ಹೋಗುತ್ತೇನೆ. ಅಲ್ಲಿ ಏನನ್ನಾದರೂ ಸ್ಥಾಪಿಸಬೇಕೇ?

ರಾತ್ರಿಪಾಳಿ:

ಟರ್ಮಿನಲ್ ಬದಲಿಸಿ, ಮುಗಿಯಿತು. ಎಕ್ಸ್‌ಟರ್ಮ್‌ಗೆ ಬಲದಿಂದ ಎಡಕ್ಕೆ ಎಂಬ ಕಲ್ಪನೆಯೇ ಇಲ್ಲ. ಎಂಎಲ್‌ಟರ್ಮ್, ಕಾನ್ಸೋಲ್, ಗ್ನೋಮ್ ಟರ್ಮಿನಲ್‌ಗಳಿಗೆ ಇದೆ. ವಿಂಡೋಸ್‌ನಲ್ಲಿದ್ದರೆ ಪುಟ್ಟಿ, ಮಿಂಟಿ.

ಎಂಬತ್ತುಕಂಬ:

ಮೊದಲು ಆ ತಿರುಗಿಸಿದ ಫೈಲನ್ನು ಅಳಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮ ಹಳೆಯ ಪ್ರತಿಯೇ ಸರಿ. ಯೂನಿಕೋಡ್‌ನಲ್ಲಿ ಅಕ್ಷರಗಳು ಕೂರುವುದು ಉಚ್ಚರಿಸುವ, ಟೈಪ್ ಮಾಡುವ ಕ್ರಮದಲ್ಲಿ. ಹಳೆಯ ಪ್ರತಿಯ ‘ಶಾಲೋಮ್’ ಸಾಲನ್ನು, ಫೈಲಿನ ಬೈಟ್‌ಗಳನ್ನು ಇದ್ದ ಕ್ರಮದಲ್ಲೇ ತೋರಿಸುವ ಹೆಕ್ಸ್‌ಡಂಪ್‌ಗೆ ಕೊಟ್ಟು ನೋಡಿ: ಡಿ7 ಎ9, ಡಿ7 9ಸಿ, ಡಿ7 95, ಡಿ7 9ಡಿ ಎಂದು ಬರಬೇಕು. ಶಿನ್ ಮೊದಲು, ಮೆಮ್ ಕೊನೆಗೆ. ಸ್ವರಚಿಹ್ನೆ ಇದ್ದರೆ ತನ್ನ ಅಕ್ಷರದ ಬೆನ್ನಿಗೇ ಬರುತ್ತದೆ. ರೆವ್ ಈ ಜೋಡಿಯನ್ನು ಅರಿಯದೆ ಒಂದೊಂದೇ ಸಂಕೇತವನ್ನು ಹಿಂದುಮುಂದು ಮಾಡುತ್ತದೆ. ಆಗ ಚಿಹ್ನೆ ತನ್ನ ಅಕ್ಷರಕ್ಕಿಂತ ಮುಂಚೆ ಬಂದು, ಅದಕ್ಕೂ ಮೊದಲು ಬಂದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮ ಲಾಮೆದ್‌ಗೆ ಆದದ್ದು ಇದೇ.

ಕಾಣುವ ಕ್ರಮದಲ್ಲೇ ಬರೆದಿಡುವುದು ನಿಮ್ಮೊಬ್ಬರ ತಪ್ಪೇನೂ ಅಲ್ಲ. 1990ರ ದಶಕದಲ್ಲಿ ಎಷ್ಟೋ ಹೀಬ್ರೂ ಜಾಲಪುಟಗಳನ್ನು ಹಾಗೆಯೇ ಬರೆಯುತ್ತಿದ್ದರು, ಬ್ರೌಸರ್‌ಗಳಿಗೆ ತಿರುಗಿಸಲು ಬರುತ್ತಿರಲಿಲ್ಲ. ಅದಕ್ಕಾಗಿಯೇ ಐಎಸ್‌ಒ 8859-8 ಎಂಬ ಸಂಕೇತಪಟ್ಟಿಗೆ ಜಾಲದಲ್ಲಿ ಎರಡು ಹೆಸರು: ಸುಮ್ಮನೆ 8859-8 ಎಂದರೆ ಕಾಣುವ ಕ್ರಮ, ಕೊನೆಗೆ ‘ಐ’ ಸೇರಿಸಿದರೆ ಉಚ್ಚಾರಣೆಯ ಕ್ರಮ.

ಇನ್ನು ತಿರುಗಿಸುವ ವಿಚಾರ. ಅದರ ನಿಯಮಗಳು ಯೂನಿಕೋಡ್‌ನ ಒಂಬತ್ತನೆಯ ಅನುಬಂಧದಲ್ಲಿವೆ. ಬ್ರೌಸರ್‌ನಂಥ ಕಡೆ ಅವುಗಳನ್ನು ಅನ್ವಯಿಸುವುದು ಸುಲಭ, ಏಕೆಂದರೆ ಪ್ಯಾರಾ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದು ಗೊತ್ತಿರುತ್ತದೆ. ಟರ್ಮಿನಲ್‌ಗೆ ಗೊತ್ತಿರುವುದು ಚೌಕಗಳು ಮಾತ್ರ. ಅಕ್ಷರ ಬಂತೇ, ಚೌಕದಲ್ಲಿ ಇಡು, ಮುಂದಿನ ಚೌಕಕ್ಕೆ ಹೋಗು. ಕನ್ನಡದ ಒತ್ತಕ್ಷರಗಳು ಹಲವು ಟರ್ಮಿನಲ್‌ಗಳಲ್ಲಿ ಒಡೆದುಕೊಂಡು ಕಾಣುವುದಕ್ಕೂ ಈ ಚೌಕಗಳೇ ಕಾರಣ ಎಂಬುದು ನಿಮಗೆ ಅನುಭವಕ್ಕೆ ಬಂದಿರುತ್ತದೆ. ಗ್ನೋಮ್ ಟರ್ಮಿನಲ್‌ನ ಒಡಲಾದ ವಿಟಿಇಗೆ ತಿರುಗಿಸುವ ಸಾಮರ್ಥ್ಯ ಬಂದದ್ದು 2019ರಲ್ಲಿ, 0.58ನೇ ಆವೃತ್ತಿಯೊಂದಿಗೆ. ಸರ್ವರ್‌ನಲ್ಲಿ ನೀವು ಏನನ್ನೂ ಸ್ಥಾಪಿಸಬೇಕಿಲ್ಲ. ಅದು ಬೈಟ್‌ಗಳನ್ನು ಕಳುಹಿಸಿ ಕೈತೊಳೆದುಕೊಳ್ಳುತ್ತದೆ, ಚಿತ್ರ ಬಿಡಿಸುವುದು ನಿಮ್ಮೆದುರಿನ ಟರ್ಮಿನಲ್.

ರಾತ್ರಿಪಾಳಿಯವರು ‘ಮುಗಿಯಿತು’ ಎಂದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ತಿರುಗಿಸುವ ಕೆಲಸ ಒಂದೇ ಒಂದು ಸಲ ನಡೆಯಬೇಕು. ಯಾರೂ ತಿರುಗಿಸದಿದ್ದರೂ ಉಲ್ಟಾ, ಇಬ್ಬರು ತಿರುಗಿಸಿದರೂ ಉಲ್ಟಾ. ನೋಡುವವರಿಗೆ ಎರಡೂ ಒಂದೇ ಬಗೆಯ ಉಲ್ಟಾ, ತಮಾಷೆ ಇರುವುದೇ ಅಲ್ಲಿ.

ನನಗೆ ಇದು ತಿಳಿದದ್ದು ಟಿಮಕ್ಸ್‌ನಲ್ಲಿ, ಒಂದೇ ಟರ್ಮಿನಲ್ಲನ್ನು ಹಲವು ಭಾಗ ಮಾಡಿಕೊಡುವ ಪ್ರೋಗ್ರಾಂ ಅದು. ಪರದೆಯನ್ನು ಎಡಬಲವಾಗಿ ಸೀಳಿ, ಎರಡೂ ಕಡೆ ಹೀಬ್ರೂ ಹೆಸರಿನ ಫೈಲುಗಳಿದ್ದ ಫೋಲ್ಡರ್‌ಗಳನ್ನು ತೆರೆದು ಹೋಲಿಸುತ್ತಿದ್ದೆ. ಕೆಲವು ಸಾಲುಗಳಲ್ಲಿ ಎಡಗಡೆಯ ಹೆಸರು ಬಲಕ್ಕೂ ಬಲಗಡೆಯದು ಎಡಕ್ಕೂ ಹಾರಿತ್ತು, ನಡುವಿನ ಗೆರೆ ಎಲ್ಲೋ ಸರಿದಿತ್ತು. ನಕಲು ತಪ್ಪಿದೆ ಎಂದು ಅರ್ಧ ಗಂಟೆ ಹುಡುಕಿದೆ. ನಕಲಿನಲ್ಲಿ ಏನೂ ತಪ್ಪಿರಲಿಲ್ಲ. ಟರ್ಮಿನಲ್‌ಗೆ ಅದು ಎರಡು ಅಂಕಣವಲ್ಲ, ಒಂದೇ ಸಾಲು: ಹೀಬ್ರೂ, ಖಾಲಿ ಜಾಗ, ಗೆರೆ, ಖಾಲಿ ಜಾಗ, ಹೀಬ್ರೂ. ಖಾಲಿ ಜಾಗಕ್ಕೂ ಗೆರೆಗೂ ಸ್ವಂತ ದಿಕ್ಕಿಲ್ಲ. ಎರಡೂ ಬದಿಗೆ ಹೀಬ್ರೂ ಇದ್ದರೆ ಅವೂ ಹೀಬ್ರೂ ಜೊತೆ ಸೇರಿಕೊಳ್ಳುತ್ತವೆ, ಇಡೀ ತುಂಡು ಒಟ್ಟಿಗೆ ಮಗುಚುತ್ತದೆ. ನಿಯಮದ ಪ್ರಕಾರ ಎಲ್ಲವೂ ಸರಿ. ಓದುವವರ ಗತಿ ಮಾತ್ರ ಯಾರಿಗೂ ಬೇಡ.

ಅಂಥ ಕಡೆ ಟರ್ಮಿನಲ್‌ಗೆ ಸುಮ್ಮನಿರಲು ಹೇಳಬೇಕು. ವಿಟಿಇಯಲ್ಲಾದರೆ ಎಸ್ಕೇಪ್, ಎಡ ಚೌಕಾವರಣ, 8, ಸಣ್ಣ ಎಲ್, ಇಷ್ಟನ್ನು ಪ್ರಿಂಟ್‌ಎಫ್‌ನಿಂದ ಕಳುಹಿಸಿದರೆ ತಿರುಗಿಸುವುದನ್ನು ನಿಲ್ಲಿಸುತ್ತದೆ. ಎಲ್ ಬದಲು ಎಚ್ ಕಳುಹಿಸಿದರೆ ಮತ್ತೆ ಶುರು. ಇದು ಹೊಸ ಆವಿಷ್ಕಾರವಲ್ಲ, ಟರ್ಮಿನಲ್ ನಿಯಂತ್ರಣ ಸಂಕೇತಗಳ ಮಾನದಂಡವಾದ 1991ರ ಇಸಿಎಂಎ-48ರಲ್ಲೇ ಇರುವ ಸ್ವಿಚ್. ಟಿಮಕ್ಸ್ ಶುರುಮಾಡುವ ಮೊದಲೇ ಕಳುಹಿಸಿ. ಒಳಗಿನಿಂದ ಕಳುಹಿಸಿದರೆ ಟಿಮಕ್ಸ್ ಅದನ್ನು ನಡುವೆಯೇ ನುಂಗಿಬಿಡುತ್ತದೆ.

ಇಮ್ಯಾಕ್ಸ್‌ಪ್ರೇಮಿ:

ಎಂಬತ್ತುಕಂಬ ಹೇಳಿದ ‘ಇಬ್ಬರು ತಿರುಗಿಸುವವರು’ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಬಳಸುವವರಿಗೆ ದಿನವೂ ಸಿಗುತ್ತಾರೆ. 2012ರ 24.1ನೇ ಆವೃತ್ತಿಯಿಂದ ಇಮ್ಯಾಕ್ಸ್ ತಾನೇ ತಿರುಗಿಸಿಕೊಳ್ಳುತ್ತದೆ, ಟರ್ಮಿನಲ್ ಒಳಗೂ ಸಹ. ಎಕ್ಸ್‌ಟರ್ಮ್‌ನಲ್ಲಿ ಅದಕ್ಕೇ ಹೀಬ್ರೂ ಚೆನ್ನಾಗಿ ಕಾಣುತ್ತದೆ. ಅದೇ ಇಮ್ಯಾಕ್ಸನ್ನು ಗ್ನೋಮ್ ಟರ್ಮಿನಲ್‌ನಲ್ಲಿ ತೆರೆದರೆ ಮತ್ತೆ ಶಿನ್ ಎಡಕ್ಕೆ. ಹಾಗಾಗಿ ಇಮ್ಯಾಕ್ಸ್‌ಗೆ ಮುಂಚೆ ಆ ಎಲ್, ಮುಗಿದ ಮೇಲೆ ಎಚ್ ಕಳುಹಿಸುವ ಎರಡು ಸಾಲಿನ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಂಪಾದಕವಾದ ವಿಮ್ ಇದಕ್ಕೆ ವಿರುದ್ಧ. ಅದು ಸಾಲಿನೊಳಗೆ ಎರಡು ದಿಕ್ಕನ್ನು ನಿಭಾಯಿಸುವುದಿಲ್ಲ. ರೈಟ್‌ಲೆಫ್ಟ್ ಆಯ್ಕೆ ಹಾಕಿದರೆ ಇಡೀ ಕಿಟಕಿಯೇ ತಿರುಗುತ್ತದೆ, ನಿಮ್ಮ ಕನ್ನಡ ಅರ್ಥವೂ ಅದರ ಜೊತೆಗೆ. ತಿರುಗಿಸಬಲ್ಲ ಟರ್ಮಿನಲ್ ಇದ್ದರೆ ರೈಟ್‌ಲೆಫ್ಟ್ ಹಾಕದೆ, ಟರ್ಮ್‌ಬಿಡಿ ಎಂಬ ಆಯ್ಕೆ ಹಾಕಿ ಟರ್ಮಿನಲ್‌ಗೇ ಬಿಡಿ.

ಪದಸಂಗ್ರಹಿ:

ಎಲ್ಲರಿಗೂ ಧನ್ಯವಾದ. ತಿರುಗಿಸಿದ ಫೈಲ್ ಅಳಿಸಿದೆ. ಹೆಕ್ಸ್‌ಡಂಪ್‌ನಲ್ಲಿ ಡಿ7 ಎ9 ಮೊದಲು ಕಂಡಾಗಲೇ ನಾಚಿಕೆಯಾಯಿತು. ಗ್ನೋಮ್ ಟರ್ಮಿನಲ್‌ಗೆ ಬಂದಿದ್ದೇನೆ, ಪದಗಳು ನೆಟ್ಟಗೆ ಕಾಣುತ್ತಿವೆ, ಚುಕ್ಕಿಗಳು ತಮ್ಮ ಮನೆ ಸೇರಿವೆ.

ಒಂದೇ ಒಂದು ವಿಚಿತ್ರ ಉಳಿದಿದೆ. ನನ್ನ ಪ್ರೋಗ್ರಾಂ ಹೀಬ್ರೂ ಪದದ ನಂತರ ‘3/20’ ಎಂದು ಎಷ್ಟನೆಯ ಪ್ರಶ್ನೆ ಎಂಬುದನ್ನು ಮುದ್ರಿಸುತ್ತದೆ. ಈಗ ಅದು ಪದದ ಎಡಕ್ಕೆ ಹೋಗಿ ಕುಳಿತಿದೆ.

ಎಂಬತ್ತುಕಂಬ:

ಅದೂ ನಿಯಮವೇ. ಅಂಕೆಗಳನ್ನು ಹೀಬ್ರೂ ನಡುವೆಯೂ ಎಡದಿಂದ ಬಲಕ್ಕೇ ಓದುತ್ತಾರೆ, ಆದ್ದರಿಂದ 3/20 ಎಂಬುದು 02/3 ಆಗಲಿಲ್ಲ. ಆದರೆ ಹೀಬ್ರೂ ಪದದ ಹಿಂದೆಯೇ ಬಂದ ಅಂಕೆ ಆ ಪದದ ಓಟಕ್ಕೆ ಸೇರುತ್ತದೆ, ಓಟ ಸಾಗುವುದು ಎಡಕ್ಕೆ. ಎಣಿಕೆಯನ್ನು ಸಾಲಿನ ಮೊದಲಿಗೆ ತನ್ನಿ.

ಪದಸಂಗ್ರಹಿ:

ತಂದೆ. ಈಗ 3/20, ಆಮೇಲೆ ಪದ. ಕೂತಲ್ಲೇ ಕೂತಿದೆ. ಮೂರನೆಯ ಪ್ರಶ್ನೆಯ ಉತ್ತರ ಮಾತ್ರ ನನಗೆ ಇನ್ನೂ ಬರುತ್ತಿಲ್ಲ, ಅದಕ್ಕೆ ಟರ್ಮಿನಲ್ ಹೊಣೆಯಲ್ಲ.