ಓದುಗರ ಸ್ಪಂದನ: ನಾಯಿಮರಿ ಕಚ್ಚುತ್ತದೆ, ಹೊಡೆಯಬೇಕೇ?

ದಾವಣಗೆರೆಯ ಓದುಗರೊಬ್ಬರು ಕಳೆದ ಬಾರಿ ಬರೆದಿದ್ದರು: “ಬೀದಿಯಿಂದ ತಂದು ಸಾಕಿದ ಮರಿಗೆ ಈಗ ಮೂರು ತಿಂಗಳು. ಹೆಸರು ಭೀಮ, ಹೆಸರಿಗೆ ತಕ್ಕ ಹಟ. ಮಗಳ ಲಂಗ, ಹಿಮ್ಮಡಿ, ಕೈ ಯಾವುದನ್ನೂ ಬಿಡುವುದಿಲ್ಲ. ಬೇಡ ಅಂದಷ್ಟೂ ಜಾಸ್ತಿ. ಮೂತಿಗೆ ಎರಡು ಬಿಗಿದರೆ ಸರಿಹೋಗುತ್ತದೆ ಅನ್ನುತ್ತಾರೆ ಮಾವನವರು. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?”

ನಿವೃತ್ತ ಶಿಕ್ಷಕಿ, ಹಾಸನ

ಮೂತಿಗೆ ಮಾತ್ರ ಹೊಡೆಯಬೇಡಿ ತಾಯಿ. ಪೆಟ್ಟು ತಿಂದ ಮರಿ ಕೈ ಎತ್ತಿದರೆ ಸಾಕು, ಮುದುಡಿಕೊಳ್ಳುತ್ತದೆ. ಗುರ್ ಅಂದಾಗಲೆಲ್ಲ ಹೊಡೆದರೆ ಗುರ್ ಅನ್ನುವುದನ್ನೇ ಬಿಟ್ಟು ನೇರವಾಗಿ ಬಾಯಿ ಹಾಕುವ ನಾಯಿಯಾದೀತು. ಮಾವನವರ ಜೊತೆ ವಾದ ಬೇಡ. ಊಟದ ತಟ್ಟೆ ಅವರ ಕೈಗೇ ಕೊಡಿ. ಭೀಮ ಕೂತ ಮೇಲೆಯೇ ತಟ್ಟೆ ಕೆಳಗಿಡಲಿ. ಒಂದು ವಾರದಲ್ಲಿ “ನಾನು ಹೇಳಿದರೆ ಕೇಳ್ತಾನೆ” ಅಂತ ಅವರೇ ಬೀಗುತ್ತಾರೆ ನೋಡಿ.

ರೈತ, ಮುಧೋಳ ತಾಲ್ಲೂಕು

ಅಕ್ಕಾರ, ನಮ್ಮ ಮುಧೋಳ ನಾಯಿ ಬ್ಯಾಟಿಗೆ ಹೆಸರಾದದ್ದು. ಓಡೂ ಕಾಲು ಕಂಡ್ರ ಅದರ ಮರಿ ಬೆನ್ನು ಹತ್ತೂದ. ನಿಮ್ಮ ಭೀಮ ಬ್ಯಾರೆ ಜಾತಿ ಇದ್ರೂ ಚಾಳಿ ಅದ. ಕೂಸು ಚೀರಿ ಓಡ್ತೈತಿ, ಮರಿ ಆಟ ಅಂತ ತಿಳ್ಕೊತೈತಿ. “ಕಂಬಧಂಗ ನಿಂದ್ರು, ಕೈ ಕಟ್ಕೊ, ಮಾರಿ ತಿರುವು” ಅಂತ ಮಗಳಿಗೆ ಕಲಸ್ರಿ. ಲಂಗ ಹಿಡದ್ರ ಜಗ್ಗಬ್ಯಾಡ್ರಿ, ನೀವು ಜಗ್ಗಿದಷ್ಟೂ ಅದೂ ಜಗ್ಗತೈತಿ. ಹಳೇ ಸೀರಿ ಹರದು, ಹೆಣೆದು, ಎರಡೂ ತುದಿಗೆ ಗಂಟು ಹಾಕ್ರಿ. ಜಗ್ಗಾಟ ಏನಿದ್ರೂ ಅದರ ಜೋಡಿ. ಹಲ್ಲು ಚರ್ಮಕ್ಕ ತಾಗಿತೋ, ಆಟ ಬಂದ್. ಎದ್ದು ಹೋಗಿಬಿಡ್ರಿ. ಬೈಯೂದು ಬ್ಯಾಡ, ಬೈದ್ರೂ ಅದಕ್ಕ ಮಾತಾಡಿಸಿದಂಗ.

ಗೃಹಿಣಿ, ತುಮಕೂರು

ಮೇಲಿನ ಉಪಾಯವೆಲ್ಲ ಸರಿ, ಆದರೆ ಮನೆಯಲ್ಲಿ ಒಬ್ಬರು ಬೆರಳು ಆಡಿಸಿ ಕೆರಳಿಸುತ್ತಿದ್ದರೆ ಏನೂ ನಡೆಯುವುದಿಲ್ಲ. ನಮ್ಮಲ್ಲಿ ಆ ಒಬ್ಬರು ಮನೆಯ ಯಜಮಾನರೇ!

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಭೀಮ ದಿನಕ್ಕೆ ಎಷ್ಟು ಹೊತ್ತು ಮಲಗುತ್ತಾನೆ? ಇದನ್ನು ಯಾರೂ ಕೇಳುವುದಿಲ್ಲ. ಈ ವಯಸ್ಸಿನ ಮರಿಗೆ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ಬಂದವರೆಲ್ಲ ಎತ್ತಿ ಮುದ್ದಾಡುವ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ನಿದ್ದೆಗೆಟ್ಟ ಮರಿ ಸಂಜೆ ಹೊತ್ತಿಗೆ ಹುಚ್ಚೆದ್ದು ಓಡುತ್ತದೆ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಇನ್ನೂ ಆಡಿಸಿ ಸುಸ್ತು ಮಾಡೋಣ ಅಂತ ಹೊರಟರೆ ಕಚ್ಚಾಟ ಹೆಚ್ಚುತ್ತದೆ. ಆಗ ಹೊರಗೆ ಬಿಟ್ಟು ಉಚ್ಚೆ ಮಾಡಿಸಿ, ಅಗಿಯಲು ಏನಾದರೂ ಕೊಟ್ಟು, ಸದ್ದಿಲ್ಲದ ಮೂಲೆಯಲ್ಲಿ ಮಲಗಿಸಿ. ಅದು ಶಿಕ್ಷೆಯ ಜಾಗ ಆಗಬಾರದು. ಇನ್ನೊಂದು ಮಾತು: ಕಚ್ಚಿದಾಗ “ಅಯ್ಯೋ” ಅಂತ ಕೀರಲು ದನಿ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಕೆಲವು ಮರಿ ಬಿಡುತ್ತವೆ ನಿಜ. ನಮ್ಮದು ಆ ದನಿಗೆ ಇನ್ನಷ್ಟು ಉಬ್ಬಿ ಹಾರುತ್ತಿತ್ತು. ಒಮ್ಮೆ ಮಾಡಿ ನೋಡಿ, ಫಲ ಕಾಣದಿದ್ದರೆ ಬಿಟ್ಟುಬಿಡಿ.

ಪಶುವೈದ್ಯೆ, ಶಿವಮೊಗ್ಗ

ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ. ಎಂಟು ವಾರಕ್ಕೂ ಮೊದಲೇ ತಾಯಿಯಿಂದ ಬೇರೆಯಾದ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿರುತ್ತದೆ. ಬೀದಿಯಿಂದ ಬಂದ ಭೀಮನದೂ ಇದೇ ಕತೆ ಇರಬಹುದು. ಜೊತೆಗೆ ಅವನ 28 ಹಾಲುಹಲ್ಲುಗಳು ಇನ್ನೇನು ಬೀಳಲು ಶುರುವಾಗುತ್ತವೆ. ಆರೇಳು ತಿಂಗಳ ಹೊತ್ತಿಗೆ 42 ಹಲ್ಲು ಬಂದು ಮುಗಿಯುವ ತನಕ ಒಸಡು ನವೆಯುತ್ತಲೇ ಇರುತ್ತದೆ. ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡಿ, ಅಗಿಯುವಾಗ ಎದುರಿಗೇ ಇರಿ. ಬೇಯಿಸಿದ ಕೋಳಿ ಮೂಳೆ ಮಾತ್ರ ಬೇಡವೇ ಬೇಡ, ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ಹಲ್ಲು ತಾಗಿ ಚರ್ಮ ತರಚಿದರೂ ಸರಿ, “ಮರಿ ತಾನೇ” ಅಂತ ಸುಮ್ಮನಿರಬೇಡಿ. ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಮಗಳ ಕೈಗೆ ಈಗಾಗಲೇ ಗಾಯವಾಗಿದ್ದರೆ ಅದನ್ನೂ ಇವತ್ತೇ ತೋರಿಸಿ. ಭೀಮನಿಗೆ ಮೂರು ತಿಂಗಳಾಯಿತು ಅಂದಿರಿ, ರೇಬೀಸ್ ಲಸಿಕೆಗೆ ಇದೇ ಸಮಯ. ಈ ವಾರವೇ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.