ಅಪ್‌ಡೇಟ್: ಆರದ ಬ್ರೇಕ್ ಲೈಟ್, ಸೆಟ್ ಆಗದ ಕ್ರೂಸ್ – ಕಾರಣ ಸಿಕ್ಕಿತು

ಸರ್ವಿಸ್ ಆದಮೇಲೆ ಬೈಕಿನ ಬ್ರೇಕ್ ಲೈಟ್ ಆರುತ್ತಿಲ್ಲ, ಕ್ರೂಸ್ ಕಂಟ್ರೋಲ್ (ಥ್ರಾಟಲ್ ಹಿಡಿಯದೆಯೂ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಸೆಟ್ ಆಗುತ್ತಿಲ್ಲ ಎಂದು ಕೇಳಿದ್ದೆ. ಎರಡಕ್ಕೂ ಮೂಲ ಒಂದೇ, ಹಿಂಚಕ್ರದ ಬ್ರೇಕ್ ಸ್ವಿಚ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಲೈಟ್ ಹೊತ್ತಿಸುವ ಸ್ವಿಚ್. ಪೆಡಲ್ ಎತ್ತರ ಬದಲಾಗಿ ಸ್ವಿಚ್‌ನ ಸ್ಪ್ರಿಂಗ್ ಬಿಗಿದಿತ್ತು. ಬ್ರೇಕ್ ಒತ್ತಿದೆ ಎಂಬ ಸಿಗ್ನಲ್ ಇಸಿಯುಗೆ (ಬೈಕಿನ ನಿಯಂತ್ರಣ ಕಂಪ್ಯೂಟರ್‌ಗೆ) ಸದಾ ಹೋಗುತ್ತಿದ್ದರೆ ಕ್ರೂಸ್ ಹಿಡಿಯುವುದಿಲ್ಲ, ಹಿಡಿಯಲೂಬಾರದು.

ಇಗ್ನಿಷನ್ ಆನ್ ಇಟ್ಟು ಮುಂಚಕ್ರದ ಬ್ರೇಕ್ ಲಿವರ್ ಸ್ವಿಚ್‌ನ ಕನೆಕ್ಟರ್ ಕಳಚಿದಾಗ ಲೈಟ್ ಆರಲಿಲ್ಲ. ಹಿಂದಿನದು ಕಳಚಿದ ಕೂಡಲೇ ಆರಿತು. ಸರಿಪಡಿಸುವಾಗ ಸ್ವಿಚ್‌ನ ಬಾಡಿಯನ್ನು ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ಬಾಡಿಯೇ ತಿರುಗಿದರೆ ವೈರ್ ತಿರುಚಿಕೊಂಡು ಒಳಗೇ ತುಂಡಾಗಬಹುದು, ಇದು ನಿಜಕ್ಕೂ ಮುಖ್ಯ. ಬ್ರೇಕ್ ಹಿಡಿಯುವ ತುಸು ಮೊದಲೇ ಲೈಟ್ ಹೊತ್ತಬೇಕು, ಪೆಡಲ್ ಬಿಟ್ಟೊಡನೆ ಆರಬೇಕು.

ಈಗ ಕ್ರೂಸ್ ಸೆಟ್ ಆಗುತ್ತಿದೆ. ಲಿವರ್, ಪೆಡಲ್ ಯಾವುದನ್ನು ಒತ್ತಿದರೂ ಬಿಟ್ಟುಕೊಳ್ಳುತ್ತಿದೆ.